ಹೋಯಿತೋ, ಇಲ್ಲವೋ

ಫುಜೈರಾ. ಸಂಬಳದ ದಿನ, ಸಂಜೆ ಏಳು.
ಕೌಂಟರಿನ ಮಾರಿಸೆಲ್ ಹಿಂದಿನ ಕೋಣೆಗೆ ಕೂಗಿದಳು:
ಸರ್, ಚಕ್ರ ತಿರುಗುತ್ತಲೇ ಇದೆ.

ಗಾಜಿನಾಚೆ ಉಚ್ಚಿಲದ ಹಸೈನಾರ್,
ಹಡಗು ರಿಪೇರಿಯ ವೆಲ್ಡರ್, ತೋಳಿನ ತುಂಬ ಕಿಡಿಯ ಚುಕ್ಕೆ.
ಎಂಟುನೂರು ದಿರ್ಹಮ್, ತಂಗಿ ಜುಲೈಕಾಳ ಆಪರೇಷನ್ನಿಗೆ.
ಬೆಳಿಗ್ಗೆ ಎಂಟಕ್ಕೆ ಕಟ್ಟಬೇಕಂತೆ.

ಮೂವತ್ತು ಸೆಕೆಂಡು ಕಾದು ಕೈಚೆಲ್ಲು
ಎಂದು ಯಂತ್ರಕ್ಕೆ ಕಲಿಸಿದವನು ನಾನೇ.
ಯಾಕೆ ಮೂವತ್ತು? ಅಂದಾಜು, ಅಷ್ಟೆ.
ಮಂಗಳೂರಿನ ಸರ್ವರು ಸತ್ತಿದೆಯೋ, ನಿಧಾನವಾಗಿದೆಯೋ,
ಇಲ್ಲಿಂದ ಕೇಳಿದರೆ ಎರಡೂ ಒಂದೇ ಮೌನ.

ಹೋಯ್ತಾ ಮಾರಾಯ್ರೇ?
ಗೊತ್ತಿಲ್ಲ.
ಹೋಗಿಲ್ವಾ ಹಾಗಾದ್ರೆ?
ಅದೂ ಗೊತ್ತಿಲ್ಲ.

ಹೌದು, ಅಲ್ಲ ಎರಡರಲ್ಲೇ ಬದುಕು ಬೆಸೆದವನಿಗೆ
ಮೂರನೆಯದೊಂದಿದೆ ಎಂದು ಹೇಗೆ ಹೇಳಲಿ.
ಚೀಟಿ ಕೊಟ್ಟೆ. ಈ ನಂಬರು ನೋಡು,
ಹತ್ತು ಸಲ ಕಳಿಸಿದರೂ ಆ ಕಡೆ ಒಂದೇ ಸಲ ಜಮೆ,
ಮಿಕ್ಕ ಒಂಬತ್ತಕ್ಕೆ 'ಆಗಲೇ ಆಯಿತು' ಅನ್ನುತ್ತದೆ.
ಅವನು ಚೀಟಿ ನೋಡಲಿಲ್ಲ. ನನ್ನ ಮುಖ ನೋಡಿದ.

ರಾತ್ರಿಯಿಡೀ ತಟ್ಟಿದೆ. ಒಂದು ನಿಮಿಷ ಬಿಟ್ಟು,
ಎರಡು ಬಿಟ್ಟು, ನಾಲ್ಕು, ಎಂಟು,
ಬಿದ್ದವನು ಏಳುವಾಗ
ಎಲ್ಲರೂ ಒಮ್ಮೆಗೇ ಮೈಮೇಲೆ ಬೀಳಬಾರದಲ್ಲ.
ಹೊರಗೆ ಲಂಗರು ಹಾಕಿದ ತೈಲದ ಹಡಗುಗಳು,
ಒಂದೊಂದೂ ದೀಪ ಉರಿಸಿಕೊಂಡು
ನಾನಿದ್ದೇನೆ, ನಾನಿದ್ದೇನೆ ಅನ್ನುತ್ತಿದ್ದವು.

ಮೂರೂ ನಲವತ್ತಕ್ಕೆ ಆ ಕಡೆ ಬಾಯಿಬಿಟ್ಟಿತು.
ದುಡ್ಡು ಏಳೂ ಹನ್ನೆರಡಕ್ಕೇ ಮುಟ್ಟಿತ್ತು!
ಹೋಗುವಾಗ ಏನೂ ಆಗಿರಲಿಲ್ಲ.
ಸಮುದ್ರದಡಿ ಕಳೆದುಹೋದದ್ದು
'ಮುಟ್ಟಿತು' ಎಂಬ ಒಂದು ಮಾತು.

ನನ್ನ ಲೆಕ್ಕ ಚೊಕ್ಕ: ಕೇಳಿದ್ದು ಹದಿನೇಳು ಸಲ, ಜಮೆ ಒಂದು.
ಮಾರಿಸೆಲ್‌ಗೆ ತೋರಿಸಿ ಬೀಗಿದೆ ಕೂಡ.

ಆಮೇಲೆ ತಿಳಿಯಿತು.
ಹಸೈನಾರ್ ಆ ರಾತ್ರಿಯೇ ಫೋರ್‌ಮನ್ ಹತ್ತಿರ ಸಾಲ ಎತ್ತಿ
ಎದುರಂಗಡಿಯಿಂದ ಮತ್ತೆ ಎಂಟುನೂರು ಕಳಿಸಿದ್ದ.
ಅವರದು ಬೇರೆ ಕೇಬಲ್ಲು.
ನಮ್ಮ ನಂಬರು ರಸ್ತೆ ದಾಟುವುದಿಲ್ಲ.
ಅವನೊಳಗೂ ಒಂದು ಗಡಿಯಾರವಿತ್ತು,
ಅವನೂ ಕೈಚೆಲ್ಲಿ ಇನ್ನೊಮ್ಮೆ ತಟ್ಟುವವನೇ,
ಅದು ನನ್ನ ಯಾವ ನಕ್ಷೆಯಲ್ಲೂ ಇರಲಿಲ್ಲ.

ಜುಲೈಕಾ ಹುಷಾರಿದ್ದಾಳಂತೆ.
ಹೆಚ್ಚಿಗೆ ಬಂದದ್ದು ಔಷಧಿಗೆ ಕರಗಿತು,
ಫೋರ್‌ಮನ್ ಸಾಲ ಇನ್ನೂ ಇದೆ.
ಈ ತಿಂಗಳು ಬಂದ. ನೋಟು ಕಿಸೆಯಿಂದ ತೆಗೆಯಲಿಲ್ಲ.
ಕಂಡಿಗೆ ಬಗ್ಗಿ ಮೊದಲು ಕೇಳಿದ,
ಇವತ್ತು ಸಮುದ್ರ ಹೇಗುಂಟು?