ಗಂಜ್‌ನಲ್ಲಿ ರಾತ್ರಿಪಾಳಿ

ಧರ್ಮಕಾಟಾದ ಖೋಲಿಯಲ್ಲಿ ನನ್ನ ಕೆಲಸ ಬರೆಯುವುದು.
ಲಾರಿ ನಂಬರು, ಬಂದ ಹೊತ್ತು, ತುಂಬಿದ ತೂಕ, ಖಾಲಿ ತೂಕ,
ಹತ್ತಿ ಯಾವೂರಿನದು, ಯಾರ ಅಡತಿಗೆ.
ಮೂರು ಪ್ರತಿ: ಬಿಳಿ, ಗುಲಾಬಿ, ಹಳದಿ.
ಹನ್ನೊಂದರ ಮೇಲೆ ರಾಯಚೂರಿನ ಬಿಸಿಲು
ಗೋಡೆಯಿಂದ ಮೆಲ್ಲಗೆ ಇಳಿಯತೊಡಗಿದಾಗ
ಲ್ಯಾಪ್‌ಟಾಪ್ ತೆರೆದು
ಏನನ್ನೂ ಬರೆದಿಡದ ಯಂತ್ರವೊಂದನ್ನು ಬರೆಯುತ್ತೇನೆ.

ಅದು ನಡುವಿನದು.
ಒಬ್ಬರಿಂದ ಇಸಕೊಂಡು ಇನ್ನೊಬ್ಬರಿಗೆ ದಾಟಿಸುವುದಷ್ಟೆ.
ಇಸಕೊಂಡದ್ದು ಯಾರಿಂದ, ಗೊತ್ತು. ಕೊಟ್ಟದ್ದು ಯಾರಿಗೆ, ಗೊತ್ತು.
ಅವರ ಆಚೆಗೆ ಯಾರು, ಒಳಗೇನಿದೆ,
ಕೇಳಬಾರದು. ಹೊಡೆದು ಕೇಳಿದರೂ
ಹೇಳಲು ಅದಕ್ಕೆ ಬರಬಾರದು.
ಉಳ್ಳಾಗಡ್ಡಿಯ ಹಾಗೆ, ಕೈಗೊಂದು ಸಿಪ್ಪೆ.

ನಾನು ಹಿಡಿದ ಭಾಷೆಯಲ್ಲಿ
ಒಮ್ಮೆ ಹನ್ನೆರಡು ಅಂದದ್ದು ಬೆಳಗಿನ ತನಕ ಹನ್ನೆರಡೇ.
‘ಮಾಡು’ ಎನ್ನುವಂತಿಲ್ಲ, ‘ಇದು ಇದಾಗಿದೆ’ ಎನ್ನಬೇಕು.
ಗಾಳಿ, ಗಡಿಯಾರ, ತಂತಿ, ಹೊರಗಿನ ಎಲ್ಲಕ್ಕೂ
ಒಂದೇ ಬಾಗಿಲು, ಬಾಗಿಲ ಮೇಲೆ ಮುದ್ರೆ.
ಕಂಪೈಲರ್ ನನ್ನ ಸೋದರತ್ತೆಗಿಂತ ಬಿಗಿ:
ಕೇಳಿದ್ದು ಚೀಲ,
ನೀನು ಕೊಟ್ಟದ್ದು ‘ಚೀಲ ಇದ್ದೀತು, ಇಲ್ಲದೆಯೂ ಇದ್ದೀತು’.
ಸಾಲು ಇನ್ನೂರಾ ಹನ್ನೆರಡು.

ಕೈಕುಲುಕುವ ಭಾಗ ತಿಳಿಯದೆ ನಾಲ್ಕು ರಾತ್ರಿ ಹೋದವು.
ಎಲ್ಲರೂ ನೋಡುತ್ತಿರುವಾಗ
ಎಂದೂ ಭೇಟಿಯಾಗದ ಇಬ್ಬರು
ಒಂದೇ ಗುಟ್ಟಿನ ಸಂಖ್ಯೆಗೆ ಬಂದು ನಿಲ್ಲುವುದು ಹ್ಯಾಗೆ?
ಚಹಾ ತಂದ ಆದೆಪ್ಪ ಕಾಕಾ ‘ಕೊಡು ಕೈ’ ಅಂದ.
ಹೆಗಲ ಮೇಲಿನ ಟವೆಲ್ಲು ನಮ್ಮಿಬ್ಬರ ಕೈಮೇಲೆ ಬಿತ್ತು.
ಅಡಿಯಲ್ಲಿ ನಾಲ್ಕು ಬೆರಳು ಹಿಡಿದ, ಅಂಗೈ ಒತ್ತಿದ,
ನಾನು ಒಂದು ಬೆರಳು ಬಿಡಿಸಿಕೊಂಡೆ.
‘ಬಂತಲ್ಲ, ಅದ ರೇಟು.
ಸುತ್ತ ನೂರು ಮಂದಿ ನಿಂತಿರ್ತಿದ್ರು,
ಅವ್ರಿಗೆ ಕಂಡದ್ದು ಟವೆಲ್ಲು.’
ಟೆಂಡರು ಕಂಪ್ಯೂಟರಿಗೆ ಬಂದ ಮೇಲೆ
ಅವನ ಬೆರಳುಗಳಿಗೆ ಕೆಲಸವಿಲ್ಲ.
ಹೆಂಗಸಿನ ಕೈ ಈ ಟವೆಲ್ಲಿನಡಿ ಬಂದದ್ದು ಇದೇ ಮೊದಲು
ಎಂದು ನಕ್ಕು, ಲೋಟ ತೊಳೆಯಲು ಹೋದ.

ಯಂತ್ರ ಓಡಿತು. ಮೂರು ದಿನ ಓಡಿ
ನಾಲ್ಕನೆಯ ದಿನ ಉಸಿರುಕಟ್ಟಿ ಬಿತ್ತು.

ಈ ಭಾಷೆ ಸೋಮಾರಿ.
ಯಾರಾದರೂ ಕೇಳುವ ತನಕ ಲೆಕ್ಕ ಮಾಡದು,
‘ಆಮೇಲೆ’ ಎಂದು ಚೀಟಿ ಬರೆದಿಡುತ್ತದೆ.
ಎಷ್ಟು ದಾಟಿತು ಎಂದು ತಿಳಿಯಲು ಒಂದು ಎಣಿಕೆ ಇಟ್ಟಿದ್ದೆ,
ಆ ಎಣಿಕೆಯನ್ನು ಯಾರೂ ಕೇಳಲೇ ಇಲ್ಲ, ನಾನೂ.
ಒಂದರ ಮೇಲೊಂದು ಆಮೇಲೆ,
ಒಂದೊಂದು ಆಮೇಲೆಯ ಮುಷ್ಟಿಯಲ್ಲೂ ಯಾರದೋ ಪೊಟ್ಟಣ.
ಮರೆಯಲೆಂದೇ ಕಟ್ಟಿದ್ದು
ಎಲ್ಲವನ್ನೂ ಅವುಚಿಕೊಂಡು ಕೂತಿತ್ತು,
ಕೇಡಿಗಲ್ಲ, ಬರೀ ಮುಂದೂಡಿ ಮುಂದೂಡಿ.
ನನಗೆ ಗೊತ್ತಿರುವ ಕೆಲವು ಮನುಷ್ಯರ ಹಾಗೆ.

ಸರಿಪಡಿಸಲು ಬೇಕಾದದ್ದು ಒಂದೇ ಅಕ್ಷರ,
ಅಕ್ಷರವೂ ಅಲ್ಲ,
ಎಣಿಕೆಯ ಹೆಸರಿನ ಎಡಕ್ಕೆ ಭಾವಸೂಚಕ ಚಿಹ್ನೆ.
ಈಗಲೇ ಎಣಿಸು. ಎಣಿಸಿ, ಕೈಬಿಡು.

‘ಇದರಾಗ ಕಳ್ಳನೂ ದಾಟ್ತಾನಲ್ಲ?’ ಕಾಕಾ ಕೇಳಿದ.
ದಾಟ್ತಾನ, ಅಂದೆ.
ಬಹಳ ಹೊತ್ತು ಬೀಡಿ ತಿಕ್ಕುತ್ತ ಕೂತವನು
‘ಟವೆಲ್ಲಿನಡಿ ನಾನೂ ಒಮ್ಮೆ ತಪ್ಪು ಬೆರಳು ಹಿಡಿದೀನಿ’ ಎಂದ.
ಯಾವಾಗ, ಯಾರದು, ಎಂದು ನಾನು ಕೇಳಲಿಲ್ಲ.

ಮೂರೂವರೆಗೆ ಯಾದಗಿರಿ ಕಡೆಯ ಲಾರಿ.
ತಾಡಪತ್ರಿಯ ಮೇಲೆ ಮಂಜಿನ ಬದಲು ಧೂಳು.
‘ಹೆಸರು ಬೇಕೇನ್ರಿ?’ ಚಾಲಕ ಕೇಳಿದ.
ಬೇಕು.
ಬರೆದೆ, ಒತ್ತಿ, ಮೂರು ಪ್ರತಿಗೂ ಮೂಡುವ ಹಾಗೆ.
ಬೆನ್ನ ಹಿಂದೆ ಪರದೆಯಲ್ಲಿ
ಐನೂರಾ ಹನ್ನೆರಡು, ಐನೂರಾ ಹನ್ನೆರಡು,
ಅಳತೆ ಒಂದೇ, ಅಳುವವರದೂ ಆಣೆಯಿಡುವವರದೂ.
ಹೋಗುತ್ತಿವೆ.
ಹಳದಿ ಪ್ರತಿಯನ್ನು ಮೊಳೆಗೆ ಚುಚ್ಚಿದೆ.