ಎರಡು ಕಡಲು

ಮುಹರ್ರಕ್‌ನ ಲ್ಯಾಬಿನಲ್ಲಿ ರಾತ್ರಿ ಎರಡೂಕಾಲು.
ಏಸಿಯ ಗೊರಕೆ. ಗಾಜಿನ ತಟ್ಟೆಯಲ್ಲಿ ಒಂದು ಜೀವಕೋಶ,
ಅದರ ಹೊಟ್ಟೆಯೊಳಗೊಂದು ಗುಳ್ಳೆ,
ಗುಳ್ಳೆಯೊಳಗೆ ಮೂವತ್ತೆರಡು ಬಾಡಿಗೆ ಕೊಡದವರು
ಎಸಳಿಗೆ ಎಸಳು ಒತ್ತಿ ಮಲಗಿದ್ದಾರೆ.
ಮೂಲ ಮನೆ ಬೆಕ್ಕಿನ ಕರುಳು.
ಮೊನ್ನೆ ಬಂದಾಗ ಒಬ್ಬನೇ ಇದ್ದ;
ಉಂಡ ಮನೆಯ ಜಂತೆ ಎಣಿಸುತ್ತ
ಎರಡಾದ, ನಾಲ್ಕಾದ.

ಒಳಗೆ ಪೊಟ್ಯಾಸಿಯಂ ಕಡಲು, ಹೊರಗೆ ಸೋಡಿಯಂ ಕಡಲು.
ನಡುವೆ ಈರುಳ್ಳಿ ಪೊರೆಗಿಂತ ತೆಳು ಗೋಡೆ.
ಹಗಲಿರುಳೂ ಪಂಪು ಓಡುತ್ತಿರಬೇಕು,
ನಿಂತರೆ ಎರಡೂ ಒಂದೇ.

ಕಾವಲಿನ ಯಾಕೂಬ್ ಚಾ ತಂದಾಗೆಲ್ಲ ಹೇಳುತ್ತಾನೆ:
ಅವನಜ್ಜ ಮುತ್ತಿಗೆ ಮುಳುಗುವವನು,
ತೊಗಲಚೀಲ ಹಿಡಿದು ಉಪ್ಪುನೀರಿನ ತಳಕ್ಕಿಳಿದು
ಅಲ್ಲಿ ಉಕ್ಕುವ ಸಿಹಿನೀರು ತುಂಬಿ ತರುತ್ತಿದ್ದನಂತೆ.
ಅದಕ್ಕೇ ಈ ನಾಡಿಗೆ ಎರಡು ಕಡಲೆಂಬ ಹೆಸರಂತೆ.
ಊಟೆ ಬತ್ತಿ ಎಷ್ಟೋ ವರ್ಷ. ಹೆಸರು ಉಳಿದಿದೆ.

ಒಂದು ಹನಿ ಬಿಟ್ಟೆ.
ಗೋಡೆಯಲ್ಲಿ ತೂತು, ಪೊಟ್ಯಾಸಿಯಂ ಸೋರಿತು.
ಏಳಿ ಎಂದು ಯಾರೂ ಎಬ್ಬಿಸಲಿಲ್ಲ, ಗಂಟೆ ಬಾರಿಸಲಿಲ್ಲ;
ಮನೆಯ ರುಚಿ ಬದಲಾಯಿತು, ಅಷ್ಟೆ.
ಒಬ್ಬನ ಮೈಯಲ್ಲಿ ಕ್ಯಾಲ್ಸಿಯಂ ಹಸಿರಾಗಿ ಹೊತ್ತಿತು,
ಆಮೇಲೆ ಒಮ್ಮೆಗೇ ಎಲ್ಲರಲ್ಲಿ,
ಕರೆಂಟು ಬಂದ ಓಣಿಯ ಹಾಗೆ.
ಹೊರಳಿದರು, ಹರಿದರು, ಹೊರಟರು.
ಉಳಿದದ್ದು ಚಪ್ಪಟೆ ಚೀಲ.
ದೂರವೇನೂ ಹೋಗಲಿಲ್ಲ,
ಪಕ್ಕದ ಮನೆಯ ಕದ ತಟ್ಟಿದರು.

ಸೆವ್ರಿನ್ ಬಾಯಿ ರಿಫಾದ ದೊಡ್ಡ ಮನೆಯಿಂದ
ಹನ್ನೊಂದು ವರ್ಷದ ಮೇಲೆ ಹೊರಟದ್ದೂ ಇಂಥದೇ ಹೊತ್ತಿಗೆ.
ಅವತ್ತೇ ಯಾಕೆ ಎಂದರೆ ಅವಳಿಗೂ ಗೊತ್ತಿಲ್ಲ.
ಬೈಗುಳ ಹೊಸದಲ್ಲ, ಸಂಬಳ ನಿಂತದ್ದು ಹೊಸದಲ್ಲ.
"ಗಂಜಿ ಬಾಯಿಗಿಟ್ಟೆ, ಉಪ್ಪೇ ಹತ್ತಲಿಲ್ಲ" ಅಂದಳು,
ನನ್ನ ಕೋಣೆಯ ಚಾಪೆಯಲ್ಲಿ ಕೂತು, ಒಂದೇ ಕಾಲಲ್ಲಿ ಚಪ್ಪಲಿ.

ಕೂತು ತಿನ್ನುವವಳು ಅಂದಿದ್ದರಂತೆ ಅವಳನ್ನು.
ಹೋಲಿಸಬಾರದು.
ಹೋಲಿಸಿ ನೋಡಿದೆ.
ಅವಳು ಹೋದರೂ ಆ ಮನೆ ಒಡೆಯಲಿಲ್ಲ,
ಮೂರು ದಿನ ಪಾತ್ರೆ ನಾರಿತೆಂದು ಡ್ರೈವರ್ ಹೇಳಿದ.
ಸೋರಿ ಸೋರಿ ಚೀಲವಾದವಳು ಇವಳು.
ಹಾಗಾದರೆ ಯಾರೊಳಗೆ ಯಾರಿದ್ದರು?

ನೋಟ್‌ಬುಕ್ಕಿನಲ್ಲಿ ಬರೆದೆ:
ನಿರ್ಗಮನ, ನಾಲ್ಕು ನಿಮಿಷ ಹತ್ತು ಸೆಕೆಂಡು.
ಅದರ ಹಿಂದಿನ ಮೂರು ದಿನಕ್ಕೆ ಈ ಪುಟದಲ್ಲಿ ಜಾಗವಿಲ್ಲ.

ಎಂಬೆಸಿ ಎಂಟಕ್ಕೆ ತೆರೆಯುತ್ತದೆ.
ಅಷ್ಟರಲ್ಲಿ ಒಂದು ಜೊತೆ ಚಪ್ಪಲಿ ಬೇಕು,
ಏಳು ನಂಬರು.