ಶನಿವಾರದ ಎಣ್ಣೆ

ಉಮರಖಾಡಿಯ ಆ ಗಲ್ಲಿಯಲ್ಲಿ
ಅಂಗಡಿಗೆ ಹೆಸರಿನ ಹಲಗೆ ಇರಲಿಲ್ಲ,
ಬಾಗಿಲ ಮೇಲೊಂದು ಮುಳ್ಳಿಲ್ಲದ ಬಿಳಿ ಮುಖ, ಅಷ್ಟೇ.
ಕೇಳಿದರೆ ರಹಮೀಮ್ ಝಿರಾಡ್‌ಕರ್ ಅನ್ನುತ್ತಿದ್ದರು:
ಬೇಕಾದವರು ಸದ್ದು ಹಿಡಿದು ಬರ್ತಾರೆ.

ನಾನು ಮೂಲೆಯ ಪೈಗಳ ಹೋಟೆಲಿನ ಚಹಾದ ಹುಡುಗ, ಮಾಬ್ಲ.
ಹದಿಮೂರು ವರ್ಷ, ಕುಮಟೆಯ ನಾಲಗೆ,
ಕಣ್ಣಲ್ಲಿ ರಾತ್ರಿಶಾಲೆಯ ನಿದ್ದೆ.
ನಾಲ್ಕು ಗ್ಲಾಸು ಇಟ್ಟು ನಿಂತೇ ಇರುತ್ತಿದ್ದೆ.
ರಹಮೀಮ್, ತಮ್ಮ ಸಿಯೋನ್, ಮಗಳು ಫ್ಲೋರಾ,
ಮೂವರ ಕಣ್ಣಿಗೂ ಕಚ್ಚಿಕೊಂಡ ಮಸೂರ.
ಯಾರೂ ಮಾತಾಡುತ್ತಿರಲಿಲ್ಲ; ಆಡಿದರೆ
ಒಂದು ಹಲ್ಲು ಸವೆದದ್ದು ಕೇಳಿಸದೆ ಹೋದೀತು.
ನಾಲ್ಕನೆಯ ಗ್ಲಾಸು ಯಾರಿಗೆಂದು
ತಿಂಗಳಾದ ಮೇಲೆ ತಿಳಿಯಿತು:
‘ಕೂತ್ಕೋ, ಆರಿ ಹೋಗ್ತದೆ’ ಅಂದರು ಫ್ಲೋರಾಬಾಯಿ.

ಕೂತು ಕಲಿತೆ.
ಎಣ್ಣೆ ಸೂಜಿಯ ತುದಿಯಿಂದ ಬೀಳಬಾರದು, ಇಳಿಯಬೇಕು.
ಹೆಚ್ಚಾದರೆ ಧೂಳನ್ನು ಊಟಕ್ಕೆ ಕರೆಯುತ್ತದೆ,
ಕಡಿಮೆಯಾದರೆ ಹಿತ್ತಾಳೆ ಅಳುತ್ತದೆ.
‘ನಮ್ಮದು ಎಣ್ಣೆಯ ಕುಲ,’ ಅನ್ನುತ್ತಿದ್ದರು ರಹಮೀಮ್,
‘ಕೊಂಕಣದಲ್ಲಿ ನಮಗೆ ಶನಿವಾರ ತೇಲಿ ಅಂತ ಹೆಸರು.
ಆರು ದಿನ ಗಾಣ. ಏಳನೆಯ ದಿನ ಎತ್ತಿಗೂ ರಜೆ.’

ನನಗೆ ನಗು. ನಮ್ಮೂರಲ್ಲಿ ಶನಿವಾರದ ಎಣ್ಣೆ
ಶನಿದೇವರ ನೆತ್ತಿಗೆ, ಕರಿಬಟ್ಟೆಯ ಎಳ್ಳಿನ ಜೊತೆಗೆ.
ಇವರಲ್ಲಿ ಯಾರ ನೆತ್ತಿಗೂ ಇಲ್ಲ, ಯಾವ ಚಕ್ರಕ್ಕೂ ಇಲ್ಲ.

ಶುಕ್ರವಾರದ ಬಿಸಿಲು
ಎದುರು ಚಾಳಿನ ಮೂರನೆ ಮೆಟ್ಟಿಲಿಗೆ ಬಂತೋ,
ಎಲ್ಲಕ್ಕೂ ಕೀಲಿ ಕೊಟ್ಟು, ಕೈ ತೊಳೆದು, ಬೀಗ.
ಮಾರನೆ ಸಂಜೆ ಗಚ್ಚಿಯ ಮೇಲೆ ಇಡೀ ಮನೆ
ಕತ್ತು ಎತ್ತಿ ನಿಂತಿರುತ್ತಿತ್ತು.
ಮೂರು ನಕ್ಷತ್ರ ಕಂಡರೆ ಸಬ್ಬತ್ತು ಮುಗಿಯಿತು.
ಕೆಳಗೆ ನಲವತ್ತೇಳು ಗಡಿಯಾರ;
ಒಂದರ ಮಾತನ್ನೂ ನಂಬುತ್ತಿರಲಿಲ್ಲ.
ಮೋಡದ ದಿನ ಎರಡೇ ಸಿಕ್ಕರೆ
ಬಂದರಿನ ಹಡಗಿನ ದೀಪ ತೋರಿಸಿ ‘ಮೂರು’ ಅಂದೆ ಒಮ್ಮೆ.
ಸಿಯೋನ್ ಕಾಕಾ ಕಿವಿ ಹಿಂಡಿದರು.

ಮುಖದ ಮೇಲೆ ಯಾರೂ ಹೆಸರು ಬರೆಯುತ್ತಿರಲಿಲ್ಲ.
ಗುರುತು ಒಳಗೆ, ಹಿಂದಣ ತಗಡಿನಲ್ಲಿ,
ಮುಂದೆ ಬಿಚ್ಚುವವನಿಗೆ ಮಾತ್ರ:
ಸೂಜಿಯಲ್ಲಿ ಗೀರಿದ ಒಂದಕ್ಷರ, ಒಂದು ತಾರೀಖು.

ಆ ಶನಿವಾರ ಮುಚ್ಚಿದ ಬಾಗಿಲಿನ ಮುಂದೆ ಹೋಗುತ್ತಿದ್ದೆ.
ಒಳಗಿನ ಗುಜುಗುಜಿನಲ್ಲಿ ಒಂದು ಕಡಿಮೆ.
ಬೀಗದ ಕೈ ಹೋಟೆಲಿನ ಗಲ್ಲಾದಲ್ಲಿತ್ತು.
ಏನು ಹೇಳಲಿ,
ಯಾರೋ ಉಸಿರು ಕಟ್ಟಿ ಕೂತ ಹಾಗಿತ್ತು.
ಬಿಚ್ಚಿದೆ. ಒರೆಸಿದೆ. ಎಣ್ಣೆ ಇಳಿಸಿದೆ, ಕೀಲಿ ಕೊಟ್ಟೆ.
ಅಷ್ಟಕ್ಕೇ ಬಿಡಬಹುದಿತ್ತು;
ತಗಡಿನ ಮೂಲೆಯಲ್ಲಿ ‘ಮ’ ಎಂದು ಗೀರಿದೆ, ತಾರೀಖು ಸಮೇತ.

ಭಾನುವಾರ ರಹಮೀಮ್ ಬಾಗಿಲಲ್ಲೇ ನಿಂತು ಆಲಿಸಿದರು.
ನಲವತ್ತೇಳರಲ್ಲಿ ನೇರ ಅದನ್ನೇ ತೆಗೆದರು.
ನನ್ನ ಕಡೆ ನೋಡಲಿಲ್ಲ.
ಸುರುಳಿಯನ್ನು ಒಂದೊಂದೇ ಹಲ್ಲು ಇಳಿಸಿದರು,
ಕಟ್, ಕಟ್, ಗಡಿಯಾರ ಸುಮ್ಮನಾಗುವ ತನಕ.
ನನ್ನ ಎಣ್ಣೆ ಒರೆಸಿ, ತಮ್ಮದು ಇಳಿಸಿ,
ಭಾನುವಾರದ ಕೀಲಿ ಕೊಟ್ಟರು.
ಅಕ್ಷರಕ್ಕೆ ಕೈ ಹಚ್ಚಲಿಲ್ಲ.
ಚಹಾ ಗ್ಲಾಸು ನಾಲ್ಕೇ ಬಂತು ಅವತ್ತೂ.

ಈಗ ನನಗೆ ಎಪ್ಪತ್ತಾರು. ಡೊಂಬಿವಲಿಯ ಈ ಮೇಜಿಗೆ
ಹಳೇ ಸಾಮಾನಿನವನೊಬ್ಬ ಮಧ್ಯಾಹ್ನ ಅದನ್ನೇ ತಂದಿಟ್ಟು ಹೋದ.
ಒಳಗೆ ರಹಮೀಮ್ ಎರಡು ಸಲ, ಸಿಯೋನ್ ಒಮ್ಮೆ,
ಫ್ಲೋರಾ ಐದು; ಕೊನೆಯದರ ಗೀರು ನಡುಗಿದೆ.
ನಡುವೆ ಆ ‘ಮ’, ದೊಡ್ಡದು, ನಾಚಿಕೆಗೇಡು.

ಇವತ್ತು ಶನಿವಾರ.
ನಾನು ಆ ದೇವರವನಲ್ಲ. ಆದರೂ ಸೂಜಿ ಕೆಳಗಿಟ್ಟು
ಗ್ಯಾಲರಿಗೆ ಬಂದು ನಿಂತಿದ್ದೇನೆ.
ಎರಡು ನಕ್ಷತ್ರ. ಆಚೆಗೆ
ಕಟ್ಟುತ್ತಿರುವ ಗೋಪುರದ ಕ್ರೇನಿನ ಕೆಂಪು ದೀಪ.
ಎಣಿಸಿಬಿಡಬಹುದು.
ಕಿವಿ ಹಿಂಡಲು ಯಾರೂ ಇಲ್ಲ.